ಲಂಬಾಣಿ ಕಸೂತಿಯಿಂದ ಮನೆ ನಡೆಯುತ್ತದಾ?

ಪ್ರಶ್ನೆ: ನಮ್ಮ ತಾಂಡಾದ ಹೆಂಗಸರಿಗೆ ಕಸೂತಿ ಚೆನ್ನಾಗಿ ಬರುತ್ತದೆ. ಆದರೂ ಸುಗ್ಗಿ ಬಂದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಕಬ್ಬು ಕಡಿಯೋಕೆ ಹೋಗುತ್ತಾರೆ. ಸಂಘ ಕಟ್ಟಿ ಕಸೂತಿ ಮಾರಿದರೆ ಬಡತನ ಸ್ವಲ್ಪವಾದರೂ ಕಡಿಮೆಯಾಗುತ್ತದಾ?

ಉತ್ತರ 1: ಒಮ್ಮೆ ಸಂಡೂರಿಗೆ ಹೋಗಿ ಬನ್ನಿ. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಇದೇ ಕೆಲಸ ನಡೆಯುತ್ತಿದೆ, ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ (ಇದು ಆ ಊರಿನದೇ ಕಲೆ ಅನ್ನೋ ಸರ್ಕಾರಿ ಗುರುತು) ಕೂಡ ಇದೆ. 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಬೇಕಾಗೋದು ಬಟ್ಟೆ ಚೂರು, ಕನ್ನಡಿ ಬಿಲ್ಲೆ, ಕವಡೆ, ದಾರ. ಬಂಡವಾಳ ಕಡಿಮೆ, ಕೈಕೆಲಸ ಜಾಸ್ತಿ.

ಉತ್ತರ 2: ದಾಖಲೆ ಹೆಮ್ಮೆಯದೇ, ಆದರೆ ಒಲೆ ಉರಿಯೋದು ತಿಂಗಳು ತಿಂಗಳು ಬರೋ ಆರ್ಡರ್‌ನಿಂದ ಅಲ್ವಾ? ನಮ್ಮ ಅತ್ತಿಗೆ ರಾತ್ರಿಯೆಲ್ಲ ಕೂತು ದಿಂಬಿನ ಕವರಿಗೆ ಒಂದೊಂದೇ ಕನ್ನಡಿ ಸುತ್ತ ದಾರ ಎಳೆದು ಕೂರಿಸುತ್ತಾರೆ, ಮಧ್ಯವರ್ತಿ ದುಡ್ಡು ಕೊಡೋದು ಮಾಲು ಮಾರಿದ ಮೇಲೆ. ಅಷ್ಟರಲ್ಲಿ ಕಬ್ಬಿನ ಮೇಸ್ತ್ರಿ ಮುಂಗಡ ಹಿಡಿದು ಬಾಗಿಲಿಗೆ ಬಂದಿರುತ್ತಾನೆ. ಮಾಲು ಕೈಗೆ ಬಂದ ದಿನವೇ ಕೂಲಿ ಕೊಡೋಕೆ ಆಗದಿದ್ದರೆ ಸಂಘ ಶುರು ಮಾಡಲೇಬೇಡಿ.

ಉತ್ತರ 3: ಮೊದಲು ಎಲ್ಲರಿಗೂ ಪೆಹಚಾನ್ ಕಾರ್ಡ್, ಅಂದರೆ ಕರಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ ಕೊಡೋ ಗುರುತಿನ ಚೀಟಿ ಮಾಡಿಸಿ. ಸ್ವಸಹಾಯ ಸಂಘವಾದರೆ, ಇಂಥ ಸಂಘಗಳ ಮಾಲು ಮಾರೋಕೆ ಸರ್ಕಾರ ನಡೆಸೋ ಸರಸ್ ಮೇಳದಲ್ಲಿ ಮಳಿಗೆಗೂ ಕೇಳಬಹುದು. ಬೆಲೆ ಹಾಕುವಾಗ ಹೊಲಿದ ಗಂಟೆ ಲೆಕ್ಕ ಹಿಡಿಯಿರಿ, ಬಟ್ಟೆ ಖರ್ಚು ಮಾತ್ರ ಅಲ್ಲ.