ಪುಟ್ಟಿ, ಮೊದಲು ಸೈಜು, ಆಮೇಲೆ ಕಾರ್ಬನ್ನು

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಮಗ ತುಮಕೂರಿನಿಂದ ಮಧುಗಿರಿಗೆ ಸೈಕಲ್ಲಲ್ಲೇ ಹೋಗಿ ಬರುತ್ತಾನಂತೆ. ಬೆನ್ನು ಹಿಡಿಯುತ್ತದೆ, ಲಕ್ಷದ ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ಲೇ ಬೇಕು ಅಂತ ಹಟ. ಕಾರ್ಬನ್ ಪಟ್ಟಂತ ಮುರಿಯುತ್ತದೆ ಅಂತ ಯಾರೋ ನಿನ್ನನ್ನು ಬೇರೆ ಹೆದರಿಸಿದ್ದಾರೆ. ಕಾರ್ಬನ್ ವಿಷಯ ಆಮೇಲೆ. ಮೊದಲು ನನ್ನ ಕೈ ಕತೆ ಕೇಳು.

ರಿಟೈರ್ ಆದ ಮೇಲೆ ನಾನೂ ಒಂದು ಅಲ್ಯೂಮಿನಿಯಂ ಸೈಕಲ್ ತಗೊಂಡೆನಲ್ಲ, ನಿಮಗೆಲ್ಲ ಗೊತ್ತು. ಅಂಗಡಿಯಲ್ಲಿ ಇದ್ದದ್ದೇ ದೊಡ್ಡ ಸೈಜು. 'ಸೀಟ್ ಇಳಿಸಿದರೆ ಆಯ್ತು ಸಾರ್' ಅಂದ ಪುಣ್ಯಾತ್ಮ. ಸೀಟೇನೋ ಇಳಿಯಿತು, ಹ್ಯಾಂಡಲ್ ಹತ್ತಿರ ಬರುತ್ತದಾ? 23 ಎಂಎಂ ಅಗಲದ ಸಣಕಲು ಟೈರಿಗೆ ಗಾಳಿ ಬೇರೆ ಕಲ್ಲಿನ ಹಾಗೆ ತುಂಬಿ ಕಳಿಸಿದ. ದೇವರಾಯನದುರ್ಗಕ್ಕೆ ಹೋದೆ. ಮೈಭಾರವೆಲ್ಲ ಅಂಗೈ ಮೇಲೆ. ಇಳಿಯುವಾಗ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ಬ್ರೇಕ್ ಹಿಡಿದಿದ್ದೀನೋ ಬಿಟ್ಟಿದ್ದೀನೋ ಗೊತ್ತಾಗುತ್ತಿಲ್ಲ! ಮನೆಗೆ ಬಂದರೆ ಮುದ್ದೆ ಮುರಿಯೋಕೆ ಆಗಲಿಲ್ಲ. ಶರ್ಟಿನ ಗುಂಡಿ ನಿಮ್ಮ ದೊಡ್ಡಮ್ಮನೇ ಹಾಕಬೇಕಾಯಿತು, ಅದೂ ನಗುತ್ತಾ. ಅಂಗೈಯಲ್ಲಿ ಕಿರುಬೆರಳಿನ ಕಡೆ ಹೋಗುವ ನರ ಒತ್ತಿಕೊಂಡಿದೆ ಅಂದರು ಡಾಕ್ಟರು. ಸರಿಹೋಗೋಕೆ ವಾರಗಟ್ಟಲೆ ಹಿಡಿಯಿತು.

ಅದಕ್ಕೇ ಹೇಳುತ್ತೇನೆ, ಸೈಜು ನೋಡದೆ ದುಡ್ಡು ಎಣಿಸಬೇಡ.

ನಮ್ಮಪ್ಪನ ಸೈಕಲ್ ನೆನಪಿದೆಯಲ್ಲ? ಗಟ್ಟಿ ಸ್ಟೀಲು, ದಪ್ಪ ಟೈರು, ಸ್ಪ್ರಿಂಗ್ ಸೀಟು, ಎದೆ ಎತ್ತಿ ಕೂರುವ ಹ್ಯಾಂಡಲ್. ಹುಣಸೆಹಣ್ಣಿನ ಮೂಟೆ ಕಟ್ಟಿಕೊಂಡು ಕೊರಟಗೆರೆಗೆ ಹೋಗಿ ಬರುತ್ತಿದ್ದರು. ಬೆನ್ನುನೋವು ಅಂದದ್ದು ನಾನಂತೂ ಕೇಳಿಲ್ಲ. ಆ ಸೈಕಲ್ ಏನಾಯಿತು? ಮನೆಗೆ ಸುಣ್ಣ ಹೊಡೆಸುವಾಗ ಗುಜರಿಗೆ ಹೋಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೆಸರು ಹೇಳುವುದಿಲ್ಲ, ಈ ಗ್ರೂಪಲ್ಲೇ ಇದ್ದಾರೆ. ದಿನಾ ಗುಡ್ ಮಾರ್ನಿಂಗ್ ಕಳಿಸುತ್ತಾರೆ, ಇದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಇಲ್ಲ. ಆ ಬ್ರೂಕ್ಸ್ ಕಂಪನಿಯ ಚರ್ಮದ ಸೀಟೊಂದನ್ನಾದರೂ ಬಿಚ್ಚಿ ಇಡಬಹುದಿತ್ತು, ಅಲ್ವಾ? ಹೋಗಲಿ ಬಿಡು.

ಹಾಂ, ನೀನು ಕೇಳಿದ್ದು. ಒಳ್ಳೆ ಕಾರ್ಬನ್ ಸುಮ್ನೆ ಓಡಿಸಿದರೆ ಮುರಿಯುವುದಿಲ್ಲ. ಬಿದ್ದು ಏಟು ತಿಂದರೆ ಒಳಗೆ ಬಿರುಕು ಬಿಟ್ಟಿದ್ದು ಹೊರಗೆ ಕಾಣದೇ ಇರಬಹುದು, ಅದೇ ಅಪಾಯ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಅಂತೂ ಬೇಡವೇ ಬೇಡ. ಕ್ರೋಮೋಲಿ ಸ್ಟೀಲು, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲು, ತೂಕ ಜಾಸ್ತಿ, ಆದರೆ ಬಾಳಿಕೆ ಬರುತ್ತದೆ, ಏಟು ಬಿದ್ದರೆ ಸಾಮಾನ್ಯವಾಗಿ ಮುರಿಯುವ ಮೊದಲು ಬಾಗುತ್ತದೆ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಬೆಲೆ ಕೇಳಿದರೆ ನಮಗೇ ಜೋಮು ಹಿಡಿಯುತ್ತದೆ. ನಮ್ಮ ಹುಡುಗನಿಗೆ ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕ್, ಮಾತ್ರ ಕಾರ್ಬನ್ ಇರುವ ಅಲ್ಯೂಮಿನಿಯಂ ಧಾರಾಳ ಸಾಕು.

ಕುಲುಕಾಟ ತಡೆಯುವುದರಲ್ಲಿ ಫ್ರೇಮಿಗಿಂತ ಟೈರಿನ ಪಾಲೇ ಜಾಸ್ತಿ. 32 ಎಂಎಂ ಟೈರು ಹಿಡಿಸುವ ಫ್ರೇಮೇ ಇರಲಿ. ಅವನ ತೂಕಕ್ಕೆ ಗಾಳಿಯ ಒತ್ತಡ 60 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ತೋರಿಸುವ ಅಳತೆ) ಸುತ್ತಮುತ್ತ ಸಾಕು, 100 ಬೇಡ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಭಾರ ಕೈಗೆ ಬರುತ್ತದೆ, ಮಟ್ಟವಾಗಿರಲಿ. ಹಿಮ್ಮಡಿ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು, ಸೀಟಿನ ಎತ್ತರ ಅಷ್ಟು. ಹೊಸದು ತಗೊಳ್ಳುವ ಮುಂಚೆ ಇರುವ ಸೈಕಲ್ಲಿಗೇ ಇಷ್ಟು ಮಾಡಿಸಿ ನೋಡಿ, ಬೆನ್ನು ಅಲ್ಲೇ ಸರಿಹೋದರೂ ಹೋಯಿತು.

ಇನ್ನೊಂದು ಸಲ ಹೇಳುತ್ತೇನೆ, ಸೈಜು ನೋಡದೆ ದುಡ್ಡು ಎಣಿಸಬೇಡ. ಅವನಿಗೆ ಸರಿಯಾದ ಸೈಜು ಸ್ಟಾಕ್ ಇಲ್ಲ ಅಂದರೆ ಎದ್ದು ಬಂದುಬಿಡಿ. ಭಾನುವಾರ ನಾನು ಬರುತ್ತೇನೆ, ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅವನ ಒಳಗಾಲು, ಅಂದರೆ ತೊಡೆಸಂದಿನಿಂದ ನೆಲದವರೆಗೆ, ಅಳೆಯಬೇಕು. ಟೇಪು ಹುಡುಕಿಟ್ಟಿರು, ನಮ್ಮನೇದು ಕಾಣಿಸುತ್ತಿಲ್ಲ.