ನೈಟ್ರಿಕ್ ಆಮ್ಲದಲ್ಲಿ ಉಪಚರಿಸಿದ ಇದ್ದಿಲಿನಿಂದ ಹೊರಬರುವ ನೀರಿನಲ್ಲೇ ತಾಮ್ರ ಹೆಚ್ಚು, ಏಕೆ?

ಹಳ್ಳದಂಚು, ತೀರ್ಥಹಳ್ಳಿ
ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮಿಶ್ರಣ) ಹೊಡೆದ ಮೇಲೆ ಡ್ರಮ್, ಪಂಪು, ಪೈಪು ತೊಳೆದ ನೀರು ತೋಟದ ಬಸಿಗಾಲುವೆಯಿಂದ ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಕಡೆಯ ಮೆದು ನೀರಿನಲ್ಲಿ ತಾಮ್ರ ಮೀನುಗಳಿಗೆ ಇನ್ನಷ್ಟು ವಿಷ. ಅದನ್ನು ತಡೆಯಲೇಬೇಕೆಂದು ತೆಂಗಿನ ಚಿಪ್ಪಿನ ಆ್ಯಕ್ಟಿವೇಟೆಡ್ ಕಾರ್ಬನ್ ತಂದು, ಪರಿಚಯದ ಪ್ರಯೋಗಾಲಯದಲ್ಲಿ ನೈಟ್ರಿಕ್ ಆಮ್ಲದಿಂದ ಉಪಚರಿಸಿಕೊಂಡೆ. ಬೀಕರಿನಲ್ಲಿ ಆ ತೊಳೆದ ನೀರಿಗೆ ಚಿಟಿಕೆ ಇದ್ದಿಲು ಹಾಕಿ ಕಲಕಿ ಸೋಸಿದರೆ ಪರೀಕ್ಷಾ ಪಟ್ಟಿಯಲ್ಲಿ ತಾಮ್ರವೇ ಕಾಣಲಿಲ್ಲ. ಅದೇ ಇದ್ದಿಲನ್ನು ಪಿವಿಸಿ ಪೈಪಿಗೆ ತುಂಬಿ ಹರಿಸಿದರೆ, ಒಳಗೆ ಹೋಗುವ ತಿಳಿನೀರಿಗಿಂತ ಹೊರಬರುವ ನೀರಿನಲ್ಲಿ ತಾಮ್ರ ಹೆಚ್ಚು. ಅಯೋಡಿನ್ ಮೌಲ್ಯವೂ (ಇದ್ದಿಲಿನ ಸೂಕ್ಷ್ಮ ರಂಧ್ರಗಳ ಅಳತೆ) ಮೊದಲಿಗಿಂತ ಇಳಿದಿದೆ. ಆಮ್ಲ ಇದ್ದಿಲನ್ನೇ ಕೆಡಿಸಿತೇ?

ಇದ್ದಿಲುಗಾರ
ಹೊರಬರುವ ನೀರಿನ ಪಿಎಚ್ ಎಷ್ಟು? ಅದನ್ನು ತಿಳಿಯದೆ ಮುಂದೆ ಮಾತಾಡಿ ಪ್ರಯೋಜನವಿಲ್ಲ.

ಹಳ್ಳದಂಚು
ಒಳಗೆ ಹೋಗುವಾಗ 9, ಹೊರಬರುವಾಗ 4ಕ್ಕಿಂತ ಕೆಳಗೆ.

ಇದ್ದಿಲುಗಾರ
ಹಾಗಾದರೆ ಇದ್ದಿಲು ಕೆಟ್ಟಿಲ್ಲ. ನೈಟ್ರಿಕ್ ಆಮ್ಲ ಅದರ ಮೇಲ್ಮೈಯಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲೀಯ ಗುಂಪುಗಳನ್ನು ಹುಟ್ಟಿಸುತ್ತದೆ. ಕೆಲವು ರಂಧ್ರಗಳ ಗೋಡೆ ಕುಸಿಯುವುದರಿಂದ ಅಯೋಡಿನ್ ಮೌಲ್ಯ ಇಳಿಯುವುದು ಸಹಜ. ಲೋಹದ ಅಯಾನು ಹಿಡಿಯಲು ಆ ಗುಂಪುಗಳೇ ಮುಖ್ಯ. ಆದರೆ ಈಗ ಅವುಗಳಲ್ಲಿ ಹೈಡ್ರೋಜನ್ ಕುಳಿತಿದೆ, ರಂಧ್ರಗಳಲ್ಲಿ ಆಮ್ಲವೂ ಉಳಿದಿರಬಹುದು. ಬೋರ್ಡೋ ನೀರಿನಲ್ಲಿ ಸುಣ್ಣದಿಂದಾಗಿ ತಾಮ್ರ ಬಹುಪಾಲು ಹೈಡ್ರಾಕ್ಸೈಡಿನ ನವಿರಾದ ಕಣಗಳಾಗಿರುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಕಣ ಇದ್ದೇ ಇರುತ್ತದೆ. ಅವು ಪೈಪಿನಲ್ಲಿ ಸಿಕ್ಕಿಬಿದ್ದು, ಆಮ್ಲದಲ್ಲಿ ಕರಗಿ ಹೊರಬರುತ್ತಿವೆ. ಅಷ್ಟು ಕಡಿಮೆ ಪಿಎಚ್‌ನಲ್ಲಿ ಹೈಡ್ರೋಜನ್ ಅಯಾನುಗಳ ಪೈಪೋಟಿಗೆ ಇದ್ದಿಲು ತಾಮ್ರವನ್ನು ಹಿಡಿಯಲಾರದು.

ಬೀಕರಿನ ಫಲಿತಾಂಶವನ್ನು ನಂಬಬೇಡಿ. ಅದೇ ನೀರನ್ನು ಇದ್ದಿಲು ಹಾಕದೆ ಸೋಸಿ ನೋಡಿ.

ಕೊನೆಗಾರ, ಸಾಗರ
ನಿಂಬೆರಸ ಹಾಕಿ ಪಿಎಚ್ ಸರಿಮಾಡಿಕೊಂಡರೆ ಆಗದೇ ಅಣ್ಣ? ಮನೆಯಲ್ಲೇ ಸಿಗುತ್ತದೆ.

ಇದ್ದಿಲುಗಾರ
ಖಂಡಿತ ಬೇಡ. ನಿಂಬೆರಸದ ಸಿಟ್ರೇಟ್ ತಾಮ್ರವನ್ನು ಬಿಗಿಯಾಗಿ ಹಿಡಿದು ಕರಗಿದ ಸ್ಥಿತಿಯಲ್ಲೇ ಇಡುತ್ತದೆ, ಇದ್ದಿಲನ್ನು ದಾಟಿಸಿ ಹಳ್ಳಕ್ಕೇ ಮುಟ್ಟಿಸುತ್ತದೆ.

ಹಳ್ಳದಂಚು
ಇದ್ದಿಲಿಲ್ಲದೆ ಸೋಸಿದೆ ಸರ್. ಪಟ್ಟಿಯಲ್ಲಿ ಆಗಲೂ ತಾಮ್ರ ಕಾಣಲಿಲ್ಲ! ಇಷ್ಟು ದಿನ ಕೆಲಸ ಮಾಡಿದ್ದು ಸುಣ್ಣವೇ. ಹಾಗಾದರೆ ಇದ್ದಿಲು ಬೇಡವೇ?

ಇದ್ದಿಲುಗಾರ
ಬೇಕು, ಕೊನೆಯ ಹಂತಕ್ಕೆ. ಲೆಕ್ಕ ನೋಡಿ: ಶೇ. 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ, ಅಂದರೆ ಲೀಟರಿಗೆ ಎರಡೂವರೆ ಗ್ರಾಂ. ನಿಮ್ಮ ಇದ್ದಿಲು ಗ್ರಾಂಗೆ 25 ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೂ, ಡ್ರಮ್ಮಿನಲ್ಲಿ ಉಳಿದ 10 ಲೀಟರ್ ಮಿಶ್ರಣಕ್ಕೇ ಒಂದು ಕೆಜಿ ಮುಗಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಒಪ್ಪುವ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನಿಮ್ಮದು ಕುಡಿಯುವ ನೀರಲ್ಲ, ಆದರೆ ಎರಡೂವರೆ ಗ್ರಾಂ ಎಲ್ಲಿ, ಇದೆಲ್ಲಿ!

ತೊಳೆದ ನೀರನ್ನೆಲ್ಲ ಒಂದು ಡ್ರಮ್ಮಿಗೆ ಹಿಡಿದು, ಸುಣ್ಣದ ತಿಳಿ ಬೆರೆಸಿ ಪಿಎಚ್ 9ರ ಸುಮಾರಿಗೆ ತಂದು ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನು ದಪ್ಪ ಬಟ್ಟೆ, ಆಮೇಲೆ ಮರಳು ದಾಟಿಸಿ. ನಂತರ ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 6ರ ಹತ್ತಿರ ಇಳಿಸಿ ಇದ್ದಿಲಿಗೆ ಬಿಡಿ. ಇಳಿಸದಿದ್ದರೆ ಸುಣ್ಣ ರಂಧ್ರಗಳಲ್ಲೇ ಗಟ್ಟಿ ಕಟ್ಟುತ್ತದೆ. ಹರಿವು ನಿಧಾನವಿರಲಿ.

ಈಗಿನ ಇದ್ದಿಲನ್ನು ಅದೇ ತೆಳು ಆಮ್ಲದಲ್ಲಿ ತೊಳೆದು, ಆ ನೀರನ್ನು ಸುಣ್ಣದ ಡ್ರಮ್ಮಿಗೇ ಸುರಿಯಿರಿ. ಬಳಿಕ ಅಡುಗೆ ಸೋಡಾದ ದ್ರಾವಣದಲ್ಲಿ ನೆನೆಸಿ. ಗುಳ್ಳೆ ಏಳುತ್ತದೆ, ಮುಚ್ಚಳ ಬಿಗಿಯಬೇಡಿ. ಹೈಡ್ರೋಜನ್ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ. ತೊಳೆದ ನೀರಿನ ಪಿಎಚ್ 7ರ ಆಸುಪಾಸಿಗೆ ಬರುವವರೆಗೂ ಜಾಲಿಸಿ. ನೈಟ್ರಿಕ್ ಉಪಚಾರವನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬೇಡಿ, ಅದರ ಕಂದು ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ.

ಕೊನೆಗಾರ, ಸಾಗರ
ಬೋರ್ಡೋ ಹದ ನೋಡಲು ಕತ್ತಿ ಅದ್ದುತ್ತೇವಲ್ಲ, ಇಲ್ಲೂ ಅದೇ ಸಾಕೇ?

ಇದ್ದಿಲುಗಾರ
ಕತ್ತಿ ಕೆಂಪಾದರೆ ಸುಣ್ಣ ಸಾಲದೆಂದು ಗೊತ್ತಾಗುತ್ತದೆ. ಕೆಂಪಾಗದಿದ್ದರೆ ನೀರು ಶುದ್ಧವೆಂದು ಅರ್ಥವಲ್ಲ. ಲೀಟರಿಗೆ ಒಂದೆರಡು ಮಿಲಿಗ್ರಾಂ ಇದ್ದರೆ ಕತ್ತಿಗೆ ತಿಳಿಯುವುದಿಲ್ಲ. ಪಟ್ಟಿಯನ್ನೇ ಬಳಸಿ.

ಹಳ್ಳದಂಚು
ಸೋಡಾ ಉಪಚಾರ ಮುಗಿಸಿ ಮತ್ತೆ ತುಂಬಿದೆ ಸರ್. ಹೊರಬರುವ ನೀರಿನ ಪಿಎಚ್ ಆರೂವರೆ, ಪಟ್ಟಿ ಬಣ್ಣ ತಿರುಗಿಲ್ಲ. ಡ್ರಮ್ಮಿನ ತಳದ ನೀಲಿ ಕೆಸರನ್ನು ಅಡಿಕೆ ಬುಡಕ್ಕೆ ಹಾಕಬಹುದೇ?

ಇದ್ದಿಲುಗಾರ
ಬೇಡ. ವರ್ಷವರ್ಷವೂ ಹೊಡೆದ ಬೋರ್ಡೋದಿಂದ ಹಳೆಯ ತೋಟದ ಮಣ್ಣಿನಲ್ಲಿ ತಾಮ್ರ ಈಗಾಗಲೇ ಸೇರಿರುತ್ತದೆ. ಮಳೆ ತಾಗದ ಕಡೆ ಒಣಗಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರು ಬರೆದಿಡಿ.