ಸಹಾಯ ಬೇಕು: ಸದಸ್ಯರು ಬರೆದದ್ದಕ್ಕೆ ವಾಟ್ಸಾಪ್ ಅಡ್ಮಿನ್ ಹೊಣೆಯಾ?

ನಮಸ್ಕಾರ. ಕಾನೂನು ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನಾನು ಒಂದು ದೊಡ್ಡ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಸದಸ್ಯರೊಬ್ಬರು ಗುತ್ತಿಗೆದಾರರೊಬ್ಬರ ಹೆಸರು ಹಾಕಿ ‘ದುಡ್ಡು ತಿಂದಿದ್ದಾನೆ’ ಅಂತ ಬರೆದಿದ್ದಾರೆ. ತೆಗೆಯದಿದ್ದರೆ ನನ್ನ ಮೇಲೂ ಮಾನನಷ್ಟ ಕೇಸ್ ಹಾಕುತ್ತೇನೆ ಎನ್ನುತ್ತಿದ್ದಾರೆ ಆ ಗುತ್ತಿಗೆದಾರರು. ಬರೆದವರನ್ನು ಕೇಳಿದರೆ, ‘ದಾಖಲೆ ಇದೆ, ತೆಗೆಯಲ್ಲ’ ಎಂದರು. ಸದ್ಯಕ್ಕೆ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿದ್ದೇನೆ.

ಒಂದಿಷ್ಟು ಓದಿಯೂ ನೋಡಿದೆ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಸುಮ್ನೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ಕೈಯಲ್ಲಿರುವುದು ಜನರನ್ನು ಸೇರಿಸುವುದು, ತೆಗೆಯುವುದು ಅಷ್ಟೇ ಎಂಬುದು ಅಲ್ಲಿನ ಒಂದು ಮುಖ್ಯ ಕಾರಣ. ಆದರೆ ಈಗ ಬೇರೆಯವರ ಮೆಸೇಜನ್ನೂ ಅಡ್ಮಿನ್ ಅಳಿಸಬಹುದಲ್ವಾ? ಆ ಕಾರಣ ಇನ್ನೂ ನಿಲ್ಲುತ್ತಾ?

ಇನ್ನೊಂದು ಕಡೆ ಐಟಿ ಕಾಯ್ದೆಯ ಸೆಕ್ಷನ್ 79 ಇದೆ. ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿಗಳನ್ನು (ಬೇರೆಯವರ ಬರಹ ಸಾಗಿಸುವ ವಾಟ್ಸಾಪ್‌ನಂಥ ಸೇವೆಗಳನ್ನು) ಹೊಣೆಯಿಂದ ರಕ್ಷಿಸುವುದು ಅದು. ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದ ಮೇಲೆ ತೆಗೆದರೆ ಸಾಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕಂಪನಿಗಳಂಥ ಮಧ್ಯವರ್ತಿಗಳಿಗೆ. ಅಡ್ಮಿನ್ ಮಧ್ಯವರ್ತಿಯೇ ಅಲ್ಲ ಎನ್ನುತ್ತದೆ ಕೇರಳದ ತೀರ್ಪು. ಹಾಗಾದರೆ ಆ ರಕ್ಷಣೆ ನನಗಿಲ್ಲ. ಬೆದರಿಕೆ ಬಂದ ಕೂಡಲೇ ಅಳಿಸುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಸದಸ್ಯರ ಆರೋಪ ನಿಜವಾಗಿದ್ದರೆ ನೊಂದವರ ಬಾಯಿ ಮುಚ್ಚಿಸಿದಂತೆ ಆಗುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಕೋರ್ಟ್ ಆದೇಶವಿಲ್ಲದೆ, ಬರೀ ದೂರು ಬಂದ ಮೇಲೂ ಮೆಸೇಜ್ ಉಳಿಸಿಕೊಂಡರೆ ಮಾನನಷ್ಟ ಕೇಸಿನಲ್ಲಿ ಅಡ್ಮಿನ್ ಆರೋಪಿ ಆಗಬಹುದಾ?